ಗ್ರಾಮಸಭೆಯಲ್ಲಿ ಮುಚ್ಚಿಕೊಂಡ ಕಣ್ಣು

ಮೂರು ವರ್ಷಗಳ ಹಿಂದೆ ನಾನು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಹಂಗಳದ ಕಡೆಯ ಒಂದು ಪಂಚಾಯಿತಿಯಲ್ಲಿ ಅಭಿವೃದ್ಧಿ ಅಧಿಕಾರಿಯಾಗಿದ್ದೆ. ಮನೆ ಚಾಮರಾಜನಗರದಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ ನನ್ನ ಕಣ್ಣಿನ ರೆಪ್ಪೆಗಳು ತಾವಾಗಿಯೇ ಮುಚ್ಚಿಕೊಳ್ಳತೊಡಗಿದ್ದವು. ಮೊದಲು ಬಲಗಣ್ಣು ಬರೀ ಅದುರುತ್ತಿತ್ತು. ಬಲಗಣ್ಣು ಅದುರಿದರೆ ಗಂಡಸಿಗೆ ಶುಭ ಎಂದು ಅತ್ತೆ ಖುಷಿಪಟ್ಟರು. ಎಡಗಣ್ಣೂ ಸೇರಿಕೊಂಡ ಮೇಲೆ ಸುಮ್ಮನಾದರು. ಬಿಸಿಲಿನಲ್ಲಿ ರೆಪ್ಪೆ ಬಿಗಿದುಕೊಂಡು ರಸ್ತೆಯೇ ಕಾಣದಂತಾದ ದಿನ ಬೈಕ್ ಬಿಟ್ಟು ಬಸ್ ಹಿಡಿದೆ.

ಡ್ರಾಪ್ಸ್ ಹಾಕಿ ಪ್ರಯೋಜನವಾಗದೆ ಮೈಸೂರಿಗೆ ಹೋದೆ. ದೃಷ್ಟಿಗೆ ತೊಂದರೆಯಿಲ್ಲ, ರೆಪ್ಪೆ ಮುಚ್ಚಿಸುವ ಸ್ನಾಯುಗಳು ತಾವೇ ಬಿಗಿಯುತ್ತಿವೆ ಎಂದರು ನರರೋಗ ವೈದ್ಯರು. ಕಣ್ಣಿನ ಸುತ್ತ ಸಣ್ಣ ಇಂಜೆಕ್ಷನ್‌ಗಳನ್ನು ಕೊಟ್ಟರು. ಕೆಲವೇ ದಿನಗಳಲ್ಲಿ ರೆಪ್ಪೆ ಸಡಿಲವಾಯಿತು. ಆದರೆ ಮೂರು ತಿಂಗಳಿಗೊಮ್ಮೆ ಮತ್ತೆ ಹಾಕಿಸಬೇಕು. ಅದರ ಪರಿಣಾಮ ತೀರುತ್ತ ಬಂದಾಗ ಹುಬ್ಬಿನ ಕೊನೆಯನ್ನು ಬೆರಳಿನಿಂದ ಒತ್ತಿದರೆ ಕಣ್ಣು ತುಸು ಹೊತ್ತು ತೆರೆಯುವುದನ್ನು ನಾನೇ ಕಂಡುಕೊಂಡಿದ್ದೆ. ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ಇಂಜೆಕ್ಷನ್‌ಗೆ ಇನ್ನೊಂದು ವಾರ ಇರುವಾಗ ಗ್ರಾಮಸಭೆ ಬಂತು. ಶಾಲೆಯ ಅಂಗಳ, ನಡುಹಗಲು. ಸರ್ಕಾರಿ ಮನೆಗೆ ಫಲಾನುಭವಿಗಳ ಆಯ್ಕೆ. ನಾನು ಹೆಸರು ಓದಬೇಕು, ಒಪ್ಪಿದವರು ಕೈ ಎತ್ತಬೇಕು, ನಾನು ಎಣಿಸಿ ಬರೆದುಕೊಳ್ಳಬೇಕು. ಎರಡು ಹೆಸರು ಮುಗಿಯುವಷ್ಟರಲ್ಲಿ ಮುಂದಿನ ಸಾಲಿನಿಂದ ಮಾದಪ್ಪ ಎಂಬ ರೈತರು ಎದ್ದು ನಿಂತರು.

"ಸಾ, ಆಗ್ಲಿಂದ ನೋಡ್ತಾವ್ನಿ. ಮೆಂಬ್ರಿಗೆ ಕಣ್ ಹೊಡಿತೀರಿ, ಉಬ್ ಮುಟ್ಕತೀರಿ, ಅವ್ರು ತಲೆ ಆಡುಸ್ತಾರೆ. ಯಾರ್ ಎಸ್ರು ಬುಡ್ಬೇಕು ಅಂತ ಸನ್ನೆ ಮಾಡ್ತಿದ್ದೀರಾ?"

ನನ್ನ ಪಕ್ಕದಲ್ಲಿದ್ದ ಸದಸ್ಯರು "ಕೂತ್ಕಳ್ಲಾ ಸುಮ್ನೆ" ಎಂದದ್ದರಿಂದ ಗಲಾಟೆ ಹೆಚ್ಚಿತು. ಜನ ಎದ್ದರು. ಸಭೆ ಮುರಿದರೆ ಆ ವರ್ಷ ಊರಿಗೆ ಮನೆಗಳಿಲ್ಲ. ಪಟ್ಟಿಯಲ್ಲಿ ಮುಂದಿನ ಹೆಸರು ಟಾರ್ಪಾಲಿನಡಿ ಬದುಕುತ್ತಿದ್ದ ಕೂಲಿಯಾಕೆ ಚಿಕ್ಕತಾಯಮ್ಮನವರದು. ಅವರು ಮಾತ್ರ ಕೂತೇ ಇದ್ದರು.

ನಾನು ಮೈಕ್ ಹಿಡಿದು ಕಾಯಿಲೆಯನ್ನು ಇದ್ದ ಹಾಗೆ ಹೇಳಿದೆ. ಆಸ್ಪತ್ರೆಯ ಚೀಟಿ ಬ್ಯಾಗಿನಲ್ಲಿದೆ, ಯಾರು ಬೇಕಾದರೂ ನೋಡಬಹುದು ಎಂದೆ.

"ಮೊದ್ಲೇ ಯೋಳ್ಬಾರ್ದಾ ಸಾ" ಎಂದರು ಚಿಕ್ಕತಾಯಮ್ಮ. "ನಾವೇನ್ ನಗಾಡ್ತಿದ್ವಾ?"

"ನಗಾಡ್ತಿದ್ವಿ ಕಣಕ್ಕ" ಎಂದರು ಹಿಂದಿನಿಂದ ಯಾರೋ. ಸಭೆ ನಕ್ಕಿತು, ಜನ ಕೂತರು.

ಮಾದಪ್ಪ ನಗಲಿಲ್ಲ. ನನ್ನ ಜೊತೆ ನಿಂತು ಕೈಗಳನ್ನು ಎಣಿಸಿ ಎಂದು ಅವರನ್ನೇ ಕರೆದೆ. ಬಂದರು. ಚಿಕ್ಕತಾಯಮ್ಮನವರ ಹೆಸರು ಓದಿದೆ. ಅಷ್ಟರಲ್ಲಿ ಎರಡೂ ಕಣ್ಣು ಬಿಗಿದುಕೊಂಡವು. ಹುಬ್ಬು ಒತ್ತಿದರೂ ತೆರೆಯಲಿಲ್ಲ.

"ಎಷ್ಟು ಕೈ, ಮಾದಪ್ಪನವರೇ?"

"ನಾನ್ ಯೋಳಿದ್ರೆ ಬರ್ಕತೀರಾ?"

"ಬರ್ಕೋತೀನಿ."

ಅವರು ಎರಡು ಸಲ ಎಣಿಸಿದರಂತೆ.

"ಅರವತ್ತೆಂಟು" ಎಂದರು. ಆಮೇಲೆ, "ನಂದೂ ಸೇರುಸ್ಕಳಿ ಸಾ. ಅರವತ್ತೊಂಬತ್ತು."

ಅವರ ಆಕ್ಷೇಪಣೆ, ನನ್ನ ಉತ್ತರ, ಕೈ ಎಣಿಸಿದವರ ಹೆಸರು ಎಲ್ಲವನ್ನೂ ನಡಾವಳಿ ಪುಸ್ತಕದಲ್ಲಿ ಬರೆದೆ. ಮಾದಪ್ಪ ಓದಿಸಿಕೊಂಡು ಸಹಿ ಹಾಕಿದರು.

ಇಂಜೆಕ್ಷನ್ ಈಗಲೂ ನಡೆದಿದೆ. ಕೆಲಸವೂ ನಡೆದಿದೆ. ಯಾವ ಸಭೆಯಲ್ಲಾದರೂ ಮೊದಲು ನನ್ನ ಕಣ್ಣಿನ ವಿಷಯ ಹೇಳಿ, ಆಮೇಲೆ ಪಟ್ಟಿ ಓದುತ್ತೇನೆ. ನನ್ನನ್ನು ನಂಬದವರೊಬ್ಬರು ಹೇಳಿದ ಸಂಖ್ಯೆಯನ್ನು ಕಣ್ಣು ಮುಚ್ಚಿಕೊಂಡೇ ಬರೆದುಕೊಂಡ ಆ ದಿನದಿಂದ, ಹೇಳಲು ಅಳುಕಿಲ್ಲ.