ಅಪ್ಪನ ಬೆರಳು ಬೀಳ್ತಿದ್ದ ಹಾಳಿ

ನಮ್ಮ ಮನ್ಯಾಗ ಮೊದಲು ಸತ್ಯವೇದ, ಆಮ್ಯಾಲೆ ಚಹಾ. ಇದು ಅಪ್ಪನ ಕಾನೂನು. ಅಪ್ಪ ಬಸ್ ಕಂಡಕ್ಟರ್. ಹಾನಗಲ್ಲಿನಿಂದ ಶಿಗ್ಗಾಂವಿ, ಶಿಗ್ಗಾಂವಿಯಿಂದ ಸವಣೂರು, ತಿರುಗಿ ಹಾನಗಲ್ಲು, ಅಷ್ಟ ಅವನ ಲೋಕ. ಫಸ್ಟ್ ಬಸ್ಸಿನ ಡ್ಯೂಟಿ ಇದ್ದ ದಿನ ಕೋಳಿ ಕೂಗೋಕಿಂತ ಮೊದಲ ನನ್ನ, ಅಕ್ಕನ್ನ ಎಬ್ಬಿಸಿ ಚಾಪಿ ಮ್ಯಾಲೆ ಕುಂದ್ರಸ್ತಿದ್ದ. ನಾ ತೂಕಡಿಸಿದೆ ಅಂದ್ರ ಬಾಯಲ್ಲೆ ಸೀಟಿ ಊದ್ತಿದ್ದ. ಎಂಥಾ ಸಿಟ್ಟು ಬರ್ತಿತ್ತಂತೀರಿ! ಈಗ ನೆನಸಿಕೊಂಡ್ರ ನಗುನೂ ಬರ್ತೈತಿ.

ಸತ್ಯವೇದದಾಗ, ಅಂದ್ರ ಬೈಬಲ್ಲಿನಾಗ, ಜ್ಞಾನದ ಮಾತುಗಳದ್ದ ಒಂದು ಭಾಗ ಐತಿ. ಮೂವತ್ತೊಂದು ಅಧ್ಯಾಯ. ತಾರೀಖು ಎಷ್ಟೋ ಅಷ್ಟನೇ ಅಧ್ಯಾಯ ಓದೋದು, ತಿಂಗಳು ಮುಗೀತು ಅಂದ್ರ ಮತ್ತ ಒಂದರಿಂದ ಶುರು. ಅಪ್ಪಗ ಇದು ಭಾಳ ಸೇರ್ತಿತ್ತು, ಬಸ್ಸಿನ ರೂಟ್ ಇದ್ದಂಗ ನೋಡ್ರಿ. "ದಿನಾ ಓಡಾಡಿದ ದಾರಿ ಕತ್ತಲದಾಗೂ ತಪ್ಪೂದಿಲ್ಲ" ಅಂತಿದ್ದ. ಮೂಗಿನ ಮ್ಯಾಲೆ ಸಿಟ್ಟು ಇರಬಾರದು, ಇನ್ನೊಬ್ಬರ ಆಲೋಚನಿ ಕೇಳದಾಂವನ ಕೆಲಸ ಕೆಡ್ತದ, ಪೂರ್ತಿ ಕೇಳದ ಉತ್ತರ ಕೊಡೋದು ಮೂರ್ಖತನ, ಇವೆಲ್ಲ ನನಗ ಮಗ್ಗಿ ಹಂಗ ಬಾಯಿಪಾಠ. ಸಿಟ್ಟು ಮಾತ್ರ ಮೂಗಿನ ಮ್ಯಾಲಿಂದ ಇನ್ನೂ ಇಳಿದಿಲ್ಲ.

ಆದ್ರ ದೊಡ್ಡ ವಿಚಾರ ಬಂತು ಅಂದ್ರ ಅಪ್ಪಗ ತಾರೀಖಿನ ಅಧ್ಯಾಯ ಸಾಲ್ತಿರಲಿಲ್ಲ. ಆವಾಗ ಬೆರಳು ಇಡ್ತಿದ್ದ. ಎಲ್ಲಾರೂ ಕಣ್ಣು ಮುಚ್ಚಿ ಪ್ರಾರ್ಥನಾ ಮಾಡಬೇಕು. ಅಪ್ಪ ಕಣ್ಣು ಮುಚ್ಚಿಕೊಂಡ ಪುಸ್ತಕ ತೆರೆದು, ಹಾಳಿ ಮ್ಯಾಲೆ ಬೆರಳು ಊರ್ತಿದ್ದ. ಬೆರಳಿನ ಕೆಳಗ ಏನು ಬಂದೈತೋ ಅದ ದೇವರ ಉತ್ತರ. ಅದನ್ನ ಓದಿದ ಮ್ಯಾಲೆ ಮನ್ಯಾಗ ಎಲ್ಲಾರಕಿಂತ ಸಣ್ಣವರು ಆಮೆನ್ ಅನ್ನಬೇಕು. ಸಣ್ಣಾಕಿ ನಾನ. ಆಮೆನ್ ಅಂದ್ರ ಮುಗೀತು, ಮುಂದ ಯಾರೂ ಪಿಟಕ್ ಅನ್ನಂಗಿಲ್ಲ.

ಅವ್ವ ತೀರಿಕೊಂಡಿದ್ದು ಒಂದು ಮಳಿಗಾಲದ ಕೊನಿಗೆ. ಆ ಮಳಿಗಾಲ ಪೂರ್ತಿ ಆಕಿ ಹಾಸಿಗಿ ಹಿಡಿದಿದ್ಲು. ಅಪ್ಪ ಡ್ಯೂಟಿ ಮುಗಿಸಿ ಬಂದಾಂವ ಖಾಕಿ ಸೈತ ಬಿಚ್ಚದ ಆಕಿ ಮಗ್ಗಲಿಗೆ ಕುಂತು ಒಂದ ಕೀರ್ತನಿ ಓದ್ತಿದ್ದ. ಹೆದರಬ್ಯಾಡ, ದೇವರಿಗಾಗಿ ಕಾದಿರು ಅಂತ ಹೇಳೋ ಕೀರ್ತನಿ ಅದು. ಬ್ಯಾರೆ ಯಾವುದು ಓದಿದ್ರೂ ಅವ್ವ ತಲಿ ಅಲ್ಲಾಡಿಸಿ ಬ್ಯಾಡ ಅಂತಿದ್ಲು. ಓದಿ ಮುಗಿಸಿದ ಮ್ಯಾಲೆ ಆ ದಪ್ಪ ಪುಸ್ತಕ ಅದ ಹಾಳಿಗೆ ತೆರಕೊಂಡು, ಬೋರಲಾಗಿ, ಆಕಿ ಕೌದಿ ಮ್ಯಾಲೆ ಬಿದ್ದಿರ್ತಿತ್ತು. ಮರುದಿನ ಅಪ್ಪ ಬಂದು ಎತ್ತಿಕೊಳ್ಳೂ ತನ ಹಂಗ.

ಅವ್ವ ಹೋದ ಮ್ಯಾಲೆ ಮನಿ ಅಕ್ಕನ ಹೆಗಲಿಗೆ ಬಂತು. ಅಪ್ಪನ ಬುತ್ತಿ, ನನ್ನ ಜಡಿ, ನೀರು-ನಿಡಿ, ಎಲ್ಲಾ ಆಕೀದ. ನನಗಿಂತ ಎಂಟು ವರ್ಷಕ್ಕ ದೊಡ್ಡಾಕಿ. ರೊಟ್ಟಿ ಬಡಿಯೋವಾಗ ಹಾಡ್ತಿದ್ಲು, ಚರ್ಚಿನ ಸಭೆಯೊಳಗೂ ಆಕೀದ ದನಿ ಮುಂದ. ಹಿತ್ತಲದಾಗ ಕುಂಬಳದ ಬಳ್ಳಿ ಹಚ್ಚಿದ್ಲು.

ಆ ಕುಂಬಳಕಾಯಿ ಮಾಡಿದ ಕಾರಭಾರ ಇದೆಲ್ಲ. ನಮ್ಮ ಸಭೆಯೊಳಗ ಸುಗ್ಗಿ ಹಬ್ಬಕ್ಕ ಎಲ್ಲಾರೂ ತಮ್ಮ ತಮ್ಮ ಬೆಳಿ ತಂದು ದೇವರ ಮುಂದ ಇಡ್ತಾರ. ಆರಾಧನಾ ಮುಗಿದ ಮ್ಯಾಲೆ ಅಂಗಳದಾಗ ಅವನ್ನ ಹರಾಜಿನ ಸವಾಲು ಹಾಕ್ತಾರ. ಮಾಸೂರಿನಿಂದ ಬೀಗರ ಜೊತಿಗೆ ಬಂದಿದ್ದ ಒಬ್ಬ ಹುಡುಗ, ಟ್ರ್ಯಾಕ್ಟರ್ ರಿಪೇರಿ ಮಾಡೋನು, ಅಕ್ಕನ ಕುಂಬಳಕಾಯಿಗೆ ಬೆನ್ನು ಹತ್ತಿದ. ಯಾರು ಎಷ್ಟು ಕೂಗಿದ್ರೂ ಅದರ ಮ್ಯಾಲೊಂದು ಕೂಗಾಂವ. ಒಬ್ಬ ಮುದುಕಿ ತಡಕೊಳ್ಳಾರದ ಕೇಳೇ ಬಿಟ್ಲು: "ತಮ್ಮಾ, ಕುಂಬಳಕಾಯಿ ಒಯ್ಯಾಂವೇನು, ಬೆಳಸಿದಾಕೀನ್ನ ಒಯ್ಯಾಂವೇನು?" ಅಂಗಳಕ್ಕಂಗಳ ನಕ್ಕಿತು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಚರ್ಚಿನ ಹಿಂದ ಓಡಿ ಹೋದ್ಲು. ಆ ನಗು ಸೆರಗಿನ ಹಿಂದೂ ಕಾಣಿಸ್ತಿತ್ತು.

ತಿಂಗಳೊಪ್ಪತ್ತಿನಾಗ ಮಾಸೂರಿನವರು ಕೇಳಾಕ ಬಂದ್ರು. ಹುಡುಗ ಚಲೋ, ಮನಿತನ ಚಲೋ, ಚರ್ಚಿನ ಅಯ್ಯನವರೂ ಹೂಂ ಅಂದ್ರು. ಅಪ್ಪ ಮಾತ್ರ "ದೇವರನ್ನ ಕೇಳಬೇಕ್ರಿ" ಅಂದ. ಕಣ್ಣು ಮುಚ್ಚಿದ್ವಿ. ಬೆರಳು ಬಿದ್ದದ್ದು ಅವ್ವನ ಕೀರ್ತನಿ ಮ್ಯಾಲೆ. ಕಾದಿರು. ಅಪ್ಪನ ಕಣ್ಣಾಗ ನೀರು ಬಂತು. ನಾ ಆಮೆನ್ ಅಂದೆ. ಅವರು ಪಾಪ, ದೇವರ ಮಾತಿಗೆ ಎದುರು ಏನಂದಾರು? ಕಾದ್ರು.

ಮರುವರ್ಷ ಮತ್ತ ಬಂದ್ರು. ಮತ್ತ ಬೆರಳು, ಮತ್ತ ಅದ ಹಾಳಿ. ಆವಾಗ ಅಪ್ಪನ ಮಾರಿ ನೋಡಬೇಕಿತ್ತು ನೀವು. "ಎರಡು ಸರ್ತಿ ಒಂದ ಮಾತು! ಇನ್ನ ಇದಕ್ಕಿಂತ ಸ್ಪಷ್ಟ ಹೆಂಗ ಹೇಳಬೇಕು ದೇವರು?" ಅಂದ. ಸಭೆಯೊಳಗ ಎದ್ದು ನಿಂತು ಸಾಕ್ಷಿನೂ ಹೇಳಿದ. ಜನ ಸ್ತೋತ್ರ ಸ್ತೋತ್ರ ಅಂದ್ರು. ಇಡೀ ಸಭೆಯೊಳಗ ಒಬ್ಬರಿಗಾದ್ರೂ ಹೊಳೀಲಿಲ್ಲ ನೋಡ್ರಿ, ಆ ಪುಸ್ತಕದ ಬೆನ್ನು ಮುಟ್ಟಿ ನೋಡಬೇಕು ಅಂತ. ನನಗೂ ಹೊಳೀಲಿಲ್ಲ.

ಮೂರನೇ ಸರ್ತಿ ಹುಡುಗನ ಅವ್ವ ಬಸ್ ಡ್ರೈವರ್ ಕೈಲೆ ಅಪ್ಪಗ ಮಾತು ಮುಟ್ಟಿಸಿದ್ಲು. ಬರೂ ಐತವಾರ ಬರ್ತೇವಿ, ಹಿರೇಕೆರೂರಿನಾಗ ಬ್ಯಾರೆ ಹುಡುಗಿ ನೋಡೇವಿ, ಇದ ಕಡೀ ಸರ್ತಿ ಅಂತ. ಆ ವಾರ ನನಗ ಒಂದು ಖುಷಿ ಆಗಿತ್ತು, ಈಗ ಹೇಳಾಕ ನಾಚಿಕಿ ಬರ್ತೈತಿ. ಅಟ್ಟದ ಮ್ಯಾಲೆ ಇರ್ತಿದ್ದ ಮಾವಿನ ಉಪ್ಪಿನಕಾಯಿ ಭರಣಿ ಆ ವಾರ ದಿನಾ ಮಧ್ಯಾಹ್ನ ಒಳಗಿನ ಖೋಲಿಯೊಳಗ ಟ್ರಂಕಿನ ಮ್ಯಾಲೆ ಇರ್ತಿತ್ತು. ಸಾಲಿಯಿಂದ ಬಂದಾಕಿ ಒಂದೊಂದು ಹೋಳು ಎಗರಿಸಿಕೊಂಡು ತಿಂತಿದ್ದೆ. ಯಾಕ ಅಲ್ಲಿ ಬಂತು, ಅದರ ಕೆಳಗ ಏನೈತಿ ಅಂತ ಕೇಳಲಿಲ್ಲ. ತಿನ್ನೂ ಬಾಯಿ ಕೇಳೂದಿಲ್ಲ.

ಐತವಾರ ಅವರು ಬಂದ್ರು, ಕುಂತ್ರು. ಅಪ್ಪ ಪುಸ್ತಕ ತೊಡಿ ಮ್ಯಾಲೆ ಇಟ್ಟುಕೊಂಡ. ಎಲ್ಲಾರೂ ಕಣ್ಣು ಮುಚ್ಚಿದ್ವಿ. ಆವತ್ತು ಸ್ವಲ್ಪ ಹೊತ್ತು ಹೆಚ್ಚಿಗೆ ಹಿಡೀತು, ಹಾಳಿ ಸರ ಸರ ಅಂದಂಗಾತು. ಆಮ್ಯಾಲೆ ಅಪ್ಪ ಓದಿದ. ಅದ ಕೀರ್ತನಿ. ಕಾದಿರು. ನಾ ಆಮೆನ್ ಅಂದೆ, ಜೋರಾಗೇ ಅಂದೆ. ಅಕ್ಕ ಹೋದ್ರ ನನ್ನ ಜಡಿ ಯಾರು ಹಾಕೋರು ಅಂತ ಒಳಗೊಳಗ ಅಳಕು ಇತ್ತು, ಖರೇ ಹೇಳಬೇಕಂದ್ರ. ಮಾಸೂರಿನವ್ವ ಎದ್ದು ಅಕ್ಕನ ತಲಿ ಸವರಿ ಹೋದ್ಲು.

ಆ ಹುಡುಗ ಹಿರೇಕೆರೂರಿನ ಹುಡುಗೀನ್ನ ಮದುವಿ ಆದ. ಆ ಮದುವಿಗೆ ಅಕ್ಕ ಹೋಗಿ ಹಾಡೂ ಹಾಡಿ ಬಂದ್ಲು. ಆಮ್ಯಾಲೆ ಯಾರು ಕೇಳಾಕ ಬಂದ್ರೂ ತಾನ ಬ್ಯಾಡ ಅಂದ್ಲು, ಬೆರಳು ಇಡೋ ಪ್ರಸಂಗನ ಬರಲಿಲ್ಲ. ಅಪ್ಪಗ ಹೆಮ್ಮಿ: "ಕಾಯೋದು ಕಲ್ತಾಳ ನನ್ನ ಮಗಳು." ನನ್ನ ಪಾಳಿ ಬಂದಾಗ ಅಪ್ಪ ಬೆರಳು ಇಡಲೇ ಇಲ್ಲ. ನಾನು ಮದುವಿ ಆಗಿ ಸವಣೂರಿಗೆ ಬಂದೆ, ಜಂಪರ್ ಹೊಲಿಯೋ ಅಂಗಡಿ ಇಟ್ಟೆ. ಅಕ್ಕ ಹಾನಗಲ್ಲಿನಾಗ ಅಂಗನವಾಡಿ ಕೆಲಸಕ್ಕ ಸೇರಿ ಅಪ್ಪನ್ನ ಕಡೀತನ ನೋಡಿಕೊಂಡ್ಲು. ಹೋದ ವರ್ಷ ಅಪ್ಪ ತೀರಿಕೊಂಡ. ಮಣ್ಣು ಮುಗಿಸಿ ಬಂದ ಮ್ಯಾಲೆ ಅಕ್ಕ ಆ ಪುಸ್ತಕ ನನ್ನ ಕೈಯಾಗ ಇಟ್ಲು. "ನೀನ ಒಯ್ಯಿ. ನನಗ ಬ್ಯಾಡ" ಅಂದ್ಲು. ಅಪ್ಪನ ಆಸ್ತಿ ನನಗ ಸಿಕ್ಕಿತು ಅಂತ ನಾ ಎದಿಗೆ ಒತ್ತಿಕೊಂಡು ಬಸ್ ಹತ್ತಿದೆ. ಬ್ಯಾಡ ಅನ್ನೋ ಮಾತು ಎಷ್ಟು ಚೂಪಿತ್ತು ಅಂತ ಲಕ್ಷ್ಯ ಕೊಡಲಿಲ್ಲ.

ಈ ಸಲ ನನ್ನ ಮಗಳಿಗೆ ಹುಬ್ಬಳ್ಳಿಯೊಳಗ ನರ್ಸಿಂಗ್ ಕಲಿಯಾಕ ಸೀಟು ಸಿಕ್ಕಿತು. ಮನಿ ಬಿಟ್ಟು ಇರಬೇಕು. ಹೆಂಗ ಕಳಸೋದು ಅಂತ ನನಗ ಹೆದರಿಕಿ. ಮುಂಜಾನಿ ತಾರೀಖಿನ ಅಧ್ಯಾಯ ಓದಿ ಮುಗಿಸಿ, "ತಡಿ, ಅಜ್ಜನಂಗ ಬೆರಳಿಟ್ಟು ನೋಡೂಣು" ಅಂದೆ. ಕಣ್ಣು ಮುಚ್ಚಿ ತೆರೆದೆ. ಬಂತು ನೋಡ್ರಿ ಅವ್ವನ ಕೀರ್ತನಿ! "ಕಾದಿರು ಅಂದೈತಿ. ಈ ವರ್ಷ ಬ್ಯಾಡ" ಅಂದೆ.

ಮಗಳು ನನ್ನಂಗ ಜಗಳಗಂಟಿ. ಪುಸ್ತಕ ಕಸಕೊಂಡು ಮುಚ್ಚಿದ್ಲು, ತೆರೆದ್ಲು. ಅದ ಹಾಳಿ. ಮತ್ತ ಮುಚ್ಚಿ ತೆರೆದ್ಲು. ಅದ ಹಾಳಿ. ಬೆನ್ನು ಕೆಳಗ ಮಾಡಿ ನೆಲದ ಮ್ಯಾಲೆ ನಿಲ್ಲಿಸಿ ಕೈ ಬಿಟ್ಲು. ಪುಸ್ತಕ ತಾನಾಗೇ ಕಾಲು ಚಾಚಿದಂಗ ಅಲ್ಲೇ ತೆರಕೊಂಡು ಬಿತ್ತು.

"ಅವ್ವಾ, ಇದು ದೇವರ ಮಾತಲ್ಲ. ಇದರ ಬೈಂಡು ಮುರಿದೈತಿ" ಅಂದ್ಲು.

ನಾ ಕಪಾಳಕ್ಕ ಹೊಡಿಯಾಕ ಕೈ ಎತ್ತಿದಾಕಿ ಎತ್ತಿದಂಗ ನಿಂತೆ. ಕೌದಿ ಮ್ಯಾಲೆ ಬೋರಲ ಬಿದ್ದಿರ್ತಿದ್ದ ಪುಸ್ತಕ ಕಣ್ಣ ಮುಂದ ಬಂತು. ಇಡೀ ಮಳಿಗಾಲ ಬಿದ್ದಿತ್ತಲ್ಲ ಹಂಗ. ಬೆನ್ನು ಮುರೀದ ಏನಾದೀತು? ಅಯ್ಯೋ ದೇವರ, ಅಪ್ಪಗ ಉತ್ತರ ಕೊಟ್ಟದ್ದು ಆ ಮುರಿದ ಬೆನ್ನು!

ಮಗಳು ಅಷ್ಟಕ್ಕ ಬಿಡಲಿಲ್ಲ, ಬೆನ್ನು ಬೆರಳಿಲೆ ತಡವಿ ನೋಡಿದ್ಲು. "ಇಲ್ಲಿ ಇನ್ನೊಂದು ಕಡೆನೂ ಸ್ವಲ್ಪ ಮುರಿದೈತಿ" ಅಂದ್ಲು. ಪುಸ್ತಕದ ಶುರುವಿನ ಕಡೆ. ಆ ಹಾಳಿ ಮ್ಯಾಲೆ ಒಂದು ದುಂಡನ ಎಣ್ಣಿ ಕಲಿ ಇತ್ತು, ಅರಿಷಿಣ ಬಣ್ಣದ್ದು, ಭರಣಿ ತಳದಷ್ಟು ದೊಡ್ಡದು. ಬಾವಿ ದಂಡ್ಯಾಗ ಒಂಟಿಗಳಿಗೆ ನೀರು ಸೇದಿ ಹಾಕಿದ ಹುಡುಗಿ ಕಥಿ ಐತಿ ಅಲ್ಲಿ. ದೂರದಿಂದ ಹೆಣ್ಣು ಕೇಳಾಕ ಬಂದಿರ್ತಾರ. ಮನಿಯವರು ಇನ್ನೊಂದಿಷ್ಟು ದಿನ ಇರಲಿ ಅಂತಾರ. ಆಮ್ಯಾಲೆ, ಹುಡುಗೀನ್ನ ಕರದು ಆಕೀನ್ನ ಕೇಳೂಣು ಅಂತಾರ.

ಆ ಹಾಳಿ ಮೂಸಿ ನೋಡಿದೆ. ಏನೂ ವಾಸನಿ ಇರಲಿಲ್ಲ, ಇಷ್ಟು ವರ್ಷ ಆಗ್ಯಾವು. ಆದ್ರೂ ನನ್ನ ಬಾಯಾಗ ಮಾವಿನಕಾಯಿ ಹುಳಿ ಬಂತು.

ಮಗಳಿಗೆ "ನಿನಗ ಹೋಗೋ ಮನಸೈತೇನ?" ಅಂದೆ. "ಐತಿ" ಅಂದ್ಲು. "ಹಂಗಾರ ಹೋಗು" ಅಂದೆ. ಅಂಗಡಿ ಬಾಗಲಾ ಹಾಕಿ, ಪುಸ್ತಕ ಚೀಲದಾಗ ಇಟ್ಟುಕೊಂಡು ಹಾನಗಲ್ ಬಸ್ ಹತ್ತಿದೆ. ಅಪ್ಪನ ದಾರಿ ಅದು. ದಾರಿ ತುಂಬ ಅಪ್ಪನ ಜೊತಿಗೆ ಮನಸಿನ್ಯಾಗ ಜಗಳ ಆಡಿದೆ. ತಿಂಗಳಾ ತಿಂಗಳಾ ಓದಿದ್ವಲ್ಲೋ ಅಪ್ಪಾ, ಆಲೋಚನಿ ಕೇಳಬೇಕು ಅಂತ. ದೇವರನ್ನ ಕೇಳಿದಿ, ಅಯ್ಯನವರನ್ನ ಕೇಳಿದಿ. ಚಾಪಿ ಮ್ಯಾಲೆ ಮಗ್ಗಲದಾಗ ಕುಂತಾಕೀನ್ನ ಯಾಕ ಕೇಳಲಿಲ್ಲ?

ಅಕ್ಕ ಬಾಗಲದಾಗ ಕುಂತು ಅಕ್ಕಿ ಆರಿಸ್ತಿದ್ಲು. ಪುಸ್ತಕ ಮುಂದ ಇಟ್ಟು, ಎಣ್ಣಿ ಕಲಿ ತೋರಿಸಿದೆ. ಆಕಿ ಕಲಿ ಸುತ್ತ ಬೆರಳಾಡಿಸಿದ್ಲು.

"ಎರಡನೇ ಸರ್ತಿಗೆ ನನಗ ತಿಳಿದಿತ್ತು, ಬೈಂಡು ಮುರಿದದ್ದು" ಅಂದ್ಲು. "ಮೂರನೇ ಸರ್ತಿ ಬರ್ತೇವಂದ್ರಲ್ಲ, ಅಪ್ಪ ಡ್ಯೂಟಿಗೆ ಹೋದ ಮ್ಯಾಲೆ ದಿನಾ ಈ ಹಾಳಿಗೆ ತೆರದು, ಮ್ಯಾಲೆ ಭರಣಿ ಇಡ್ತಿದ್ದೆ. ಒಂದು ವಾರ ಪೂರ್ತಿ."

"ಮತ್ತ ತೆರೀಲಿಲ್ಲಲ್ಲ ಅಕ್ಕಾ!"

"ತೆರೀತು. ಇಲ್ಲೇ ತೆರೀತು. ನೀವೆಲ್ಲ ಕಣ್ಣು ಮುಚ್ಚಿದ್ರಿ, ನಾ ತೆರದಿದ್ದೆ. ಅಪ್ಪನೂ ತೆರದ. ಇದನ್ನ ಓದಿದ, ಒಳಗೊಳಗ ಓದಿದ. ಅವನ ತುಟಿ ಅಲ್ಲಾಡೋದು ಕಂಡೆ. ಆಮ್ಯಾಲೆ ಟಿಕೀಟು ಎಣಿಸ್ತಿದ್ದನಲ್ಲ, ಆ ಹೆಬ್ಬಟ್ಟಿನಿಂದ ಹಾಳಿ ಸರಿಸಿಕೊಂತ ಸರಿಸಿಕೊಂತ ಅವ್ವನ ಕೀರ್ತನಿಗೆ ಹೋದ."

ನನಗ ಸಿಟ್ಟು ನೆತ್ತಿಗೇರಿತು. ಸತ್ತಾಂವ ಅಂತ ನೋಡಲಿಲ್ಲ, ಬಾಯಿಗೆ ಬಂದದ್ದೆಲ್ಲ ಅಂದೆ. ಅಕ್ಕ ಕೈ ಹಿಡಿದು ತಡೆದ್ಲು. "ಹಂಗನಬ್ಯಾಡ. ಆವತ್ತು ಅವ್ವ ಮಲಗ್ತಿದ್ದ ಮೂಲಿ ಕಡೆ ನೋಡಿಕೊಂತನ ಹಾಳಿ ಸರಿಸಿದ. ಅವ್ವ ಹೋಗಿ ಆಗಿತ್ತು, ನಾನೂ ಹೋದ್ರ ಅಂತ ಹೆದರಿದ್ದ. ಅವ ಹೆದರಿದ್ದು ನೋಡಿ ನಾನೂ ಕಣ್ಣು ಮುಚ್ಚಿಕೊಂಡೆ."

ಅಲ್ಲೇ ಕುಂತೆ. ಎಷ್ಟು ತಾರೀಖು, ಎಷ್ಟು ಅಧ್ಯಾಯ, ಎಷ್ಟು ಮುಂಜಾನಿ ಆದುವು. ಜ್ಞಾನ ಬೇಕು ಜ್ಞಾನ ಬೇಕು ಅಂತ ಚಾಪಿ ಹರಿಯೂ ತನ ಕುಂತ್ವಿ. ಆ ಬಾವಿ ದಂಡಿ ಹುಡುಗೀನ್ನ ಆಕಿ ಮನಿಯವರು ಕೇಳಿದ್ದ ಮಾತು ನಮ್ಮ ಮನ್ಯಾಗ ಯಾರೂ ಕೇಳಲಿಲ್ಲ. ಈಗ ಕೇಳಿದ್ರ ಉಪಯೋಗ ಇಲ್ಲ ಅಂತ ಗೊತ್ತಿತ್ತು. ಆದ್ರೂ ಕೇಳಿದೆ.

"ಅಕ್ಕಾ, ಆವತ್ತು ಅಪ್ಪ ನಿನ್ನ ಕೇಳಿದ್ರ ಏನಂತಿದ್ದಿ?"

ಆಕಿ ಮೊರದಾಗಿಂದ ಒಂದು ಹಳ್ಳು ಆರಿಸಿ ಅಂಗಳಕ್ಕ ಒಗದ್ಲು. ಕೂದಲೆಲ್ಲ ಬೆಳ್ಳಗಾಗ್ಯಾವು. ಸೆರಗು ಎತ್ತಿ ಬಾಯಿಗೆ ಹಿಡಕೊಂಡ್ಲು, ಆ ಸುಗ್ಗಿ ಹಬ್ಬದಾಗ ಹಿಡಕೊಂಡಂಗ.

"ಹೋಗ್ತೇನಿ ಅಂತಿದ್ದೆ" ಅಂದ್ಲು.