ನಮ್ಮ ಮನೆಯ ಕಡಲಿಗೆ ಅಜೀರ್ಣ

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನನ್ನದೊಂದು ಔಷಧದ ಅಂಗಡಿ ಇದೆ. ಕೆಮ್ಮು, ನೆಗಡಿ, ತಲೆನೋವು ಎಂದು ಯಾರೇ ಬಂದರೂ "ಮೊದಲು ಡಾಕ್ಟರಿಗೆ ತೋರಿಸಿ, ನೀವೇ ಗುಳಿಗೆ ನುಂಗಬೇಡಿ" ಎಂದು ಉಪದೇಶ ಮಾಡುವುದು ನನ್ನ ಚಟ. ಕೇಳಿದವರು ತಲೆಯಾಡಿಸಿ, ಮುಂದಿನ ಅಂಗಡಿಗೆ ಹೋಗಿ ಗುಳಿಗೆ ಕೊಳ್ಳುತ್ತಾರೆ, ಅದು ಬೇರೆ ಮಾತು. ಇಂಥ ನಾನೇ ಒಮ್ಮೆ ಯಾರನ್ನೂ ಕೇಳದೆ ಒಂದು ಇಡೀ ಸಮುದ್ರಕ್ಕೆ ಗುಳಿಗೆ ಅರೆದು ಹಾಕಿದ್ದೆ. ಇದನ್ನು ನಿಮ್ಮೊಬ್ಬರಿಗೇ ಹೇಳುತ್ತಿದ್ದೇನೆ.

ಸಮುದ್ರವೆಂದರೆ ಅಂಗಡಿಯ ಮೇಲಿನ ನಮ್ಮ ಮನೆಯ ಹಾಲಿನಲ್ಲಿದ್ದ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದ ಕಾಲ. ಇಂಟರ್ನೆಟ್ ಸೆಂಟರಿನಲ್ಲಿ ಉಳಿದವರೆಲ್ಲ ಪರೀಕ್ಷೆಯ ಫಲಿತಾಂಶ ಹುಡುಕುತ್ತಿದ್ದರೆ ನಾನು ಹವಳದ ಚಿತ್ರಗಳನ್ನು ನೋಡುತ್ತ ಕೂರುತ್ತಿದ್ದೆ. ಕೊನೆಗೆ ಆಸೆ ತಡೆಯದೆ ಬೆಂಗಳೂರಿನಿಂದ ಸಮುದ್ರದ ಉಪ್ಪು, ಮರಳು, ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು, ಹೆಬ್ಬೆರಳಷ್ಟು ಹವಳ ತಂದೆ. ರೈಲಿನಲ್ಲಿ ಆ ಹವಳವನ್ನು ಬಾಣಂತಿಯ ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಬಂದವನು ನಾನು. ಅದು ಬೆಳೆದು ಅಂಗೈಯಗಲವಾಗಿ, ಬೆಳಕು ಹಾಕಿದರೆ ಅಂಗಿಯ ಹಸಿರು ಗುಂಡಿಗಳಂತೆ ಬಿಚ್ಚಿಕೊಳ್ಳುತ್ತಿತ್ತು.

ಒಂದು ಬೆಳಿಗ್ಗೆ ಮರಳಿನ ಮೂಲೆಯಲ್ಲಿ ಕೆಂಪಗೆ ಏನೋ ಕಂಡಿತು. ಕೊಳವೆ ಇಟ್ಟು ಎಳೆದರೆ ಹಾಲಿನ ಕೆನೆಯಂತೆ ಇಡಿಯಾಗಿ ಎದ್ದು ಬಂತು. ಮೂರನೆಯ ದಿನ ಮತ್ತೆ ಅಲ್ಲೇ ಹಾಜರು. ತಿಂಗಳೊಳಗೆ ಮರಳೆಲ್ಲ ಕೆಂಪಾಗಿ, ಹವಳದ ಬುಡಕ್ಕೆ ಹತ್ತಿ, ಗುಂಡಿಗಳು ಒಂದೊಂದಾಗಿ ಮುಚ್ಚಿಕೊಳ್ಳತೊಡಗಿದವು. ನನಗೆ ಅನ್ನ ಸೇರದಾಯಿತು.

ಓದಿ ನೋಡಿದೆ. ಇದು ಪಾಚಿಯೂ ಅಲ್ಲವಂತೆ, ಸಯಾನೋಬ್ಯಾಕ್ಟೀರಿಯ ಎಂಬ ಅತಿ ಪುರಾತನ ಕುಲವಂತೆ. ಭೂಮಿಯಲ್ಲಿ ಉಸಿರಾಡುವಂಥ ಗಾಳಿಯೇ ಇಲ್ಲದ ಕಾಲದಲ್ಲಿ ಬಿಸಿಲು ಉಂಡು ಆಮ್ಲಜನಕ ಬಿಟ್ಟವರು ಇವರೇ. ಅಂದರೆ ಇವರನ್ನು ಬೈಯಲು ನಾನು ಎಳೆದುಕೊಳ್ಳುವ ಉಸಿರೂ ಇವರ ಹಿರಿಯರ ಕೊಡುಗೆ. ಇಷ್ಟು ದೊಡ್ಡ ಮನೆತನದವರನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿಯುವಾಗ ಸ್ವಲ್ಪ ಸಂಕೋಚವಾಗುತ್ತಿತ್ತು. ಹಾಗೆಂದು ಬಿಡಲಿಲ್ಲ.

ಉಪ್ಪನ್ನು ಯಂತ್ರದಲ್ಲಿ ಸೋಸಿದ ನೀರಿನಲ್ಲೇ ಕಲಸಬೇಕು ಎಂದು ಬಲ್ಲವರು ಬರೆದಿದ್ದರು. ನಾನು ನಕ್ಕು ಬಿಟ್ಟಿದ್ದೆ. ತುಂಗೆಯ ನೀರು ಕುಡಿದು ಬೆಳೆದವನು ತುಂಗೆಯನ್ನೇ ಸೋಸುವುದೇ? ಮನುಷ್ಯನಿಗೆ ಹಿತವಾದ ನೀರಿನಲ್ಲಿ ಈ ಕೆಂಪು ಕೆನೆಗೂ ಹಿತವಾದದ್ದು ಇರಬಹುದೆಂದು ಶಿವಮೊಗ್ಗದವನ ಅಭಿಮಾನಕ್ಕೆ ಹೊಳೆಯಲೇ ಇಲ್ಲ. ಬದಲಿಗೆ ಅಂಗಡಿಯಿಂದ ಬ್ಯಾಕ್ಟೀರಿಯ ಕೊಲ್ಲುವ ಎರಿತ್ರೋಮೈಸಿನ್ ಗುಳಿಗೆಗಳನ್ನು ತಂದು ಅರೆದು ಹಾಕಿದೆ. ಕೆಂಪು ಮಾಯವಾಯಿತು. ನೀರು ಗಂಜಿಯಂತಾಯಿತು, ಮೀನು ಮೇಲೆ ಬಂದು ಉಸಿರಿಗಾಗಿ ಬಾಯಿ ಬಿಟ್ಟವು. ಎರಡು ವಾರಕ್ಕೆ ಕೆಂಪು ಇನ್ನಷ್ಟು ಪುಷ್ಟಿಯಾಗಿ ಮರಳಿ ಬಂತು.

ಅಷ್ಟರಲ್ಲಿ ಭದ್ರಾವತಿಯ ಓಲ್ಡ್ ಟೌನಿನಿಂದ ನಮ್ಮ ಮಾವ ಬಂದರು. ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ಮೂವತ್ತು ವರ್ಷ ನೀರು, ಆವಿ, ಕಿಟ್ಟ ನೋಡಿದವರು. ನನ್ನ ವಿದ್ವತ್ತನ್ನೆಲ್ಲ ಕೇಳಿಸಿಕೊಂಡರು. ತೊಟ್ಟಿಯ ಎದುರು ಕುರ್ಚಿ ಹಾಕಿಕೊಂಡು ಬೆಳಿಗ್ಗೆಯಿಂದ ಸಂಜೆವರೆಗೆ ಕೂತರು, ನಡುವೆ ಊಟಕ್ಕೆ ಮಾತ್ರ ಎದ್ದರು. ಸಂಜೆ ನನ್ನನ್ನು ಕರೆದರು.

"ಅಳಿಯಂದ್ರೇ, ಆ ಮೂಲೇಲಿ ನೀರು ಓಡಾಡ್ತಾ ಇಲ್ಲ. ಇನ್ನೊಂದು ಪಂಪ್ ಇಡಿ. ನೀರನ್ನ ಸೋಸೇ ಹಾಕಿ, ತುಂಗೆ ಏನೂ ಬೇಜಾರು ಮಾಡ್ಕೊಳಲ್ಲ. ಅದಿರ್ಲಿ, ಈ ಮನೇಲಿ ಮೀನಿಗೆ ದಿನಕ್ಕೆ ಎಷ್ಟು ಊಟ?"

"ಒಂದೇ ಚಿಟಿಕೆ ಮಾವ, ಮಧ್ಯಾಹ್ನ ಸುಮ ಹಾಕ್ತಾಳೆ" ಎಂದೆ.

"ಬೆಳಿಗ್ಗೆ ಬೀಗಿತ್ತಿಯವರು ಒಂದು ಹಿಡಿ ಮಂಡಕ್ಕಿ ಹಾಕಿದ್ರಲ್ಲ?"

ನಾನೂ ನನ್ನ ಹೆಂಡತಿ ಸುಮಳೂ ಅವ್ವನ ಕಡೆ ತಿರುಗಿದೆವು. ಅವ್ವ ಸೆರಗು ಸರಿಮಾಡಿಕೊಂಡಳು. ನಮ್ಮ ಕಡೆ ಹೊಳೆಯ ಮೀನು ಕಂಡರೆ ಕೈ ತಾನಾಗಿ ಮಂಡಕ್ಕಿ ಹುಡುಕುತ್ತದೆ. ಅವ್ವನದು ಅದಕ್ಕಿಂತ ಹೆಚ್ಚು. ಯಾವುದಾದರೂ ಒಂದು ಜೀವಕ್ಕೆ ತುತ್ತು ಹಾಕದೆ ಅವಳು ಉಣ್ಣಲು ಕೂತವಳಲ್ಲ. ಹಳೆಯ ಮನೆಯಲ್ಲಿ ಬಾಗಿಲಿಗೆ ದನ ಬರುತ್ತಿತ್ತು. ಈ ಮಹಡಿಗೆ ದನ ಹತ್ತೀತೆ? ಕೆಂಪು ಕೆನೆಯೆಂದು ನಾನು ಬೈಯುತ್ತಿದ್ದದ್ದು ಅರ್ಧಪಾಲು ಅವ್ವನ ದಾಸೋಹವೇ ಆಗಿತ್ತು.

ಮೂರು ದಿನ ಬೆಳಕೂ ಇಲ್ಲ, ಊಟವೂ ಇಲ್ಲ ಎಂದು ತೀರ್ಮಾನವಾಯಿತು. ಮೀನಿಗೆ ಅಷ್ಟರಿಂದ ಏನೂ ಆಗದು, ಬಿಸಿಲು ಉಂಡು ಬದುಕುವ ಕೆಂಪಿಗೆ ಮಾತ್ರ ಕಷ್ಟ. ತೊಟ್ಟಿಗೆ ಕರಿ ಕಂಬಳಿ ಹೊದಿಸಿದೆವು. ಅವ್ವ ನೋಡಿ, "ಅವು ಉಪವಾಸ ಇರೋ ಮನೇಲಿ ನಾನು ಹ್ಯಾಗೆ ಉಣ್ಣಲಿ? ನನಗೂ ಮೂರು ದಿನ ಊಟ ಬೇಡ" ಎಂದುಬಿಟ್ಟಳು.

ಅವಳಿಗೆ ಸಕ್ಕರೆ ಕಾಯಿಲೆ. ಗುಳಿಗೆ ಕೊಡುವವನು ನಾನೇ. ಊಟ ತಪ್ಪಿದರೆ ಏನಾಗುತ್ತದೆಂದು ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲ ಹೇಳುವವನ ಉಪದೇಶ ಅವ್ವನ ಮುಂದೆ ನಡೆಯಲಿಲ್ಲ. ಹವಳ ಹೋದರೆ ಹೋಗಲಿ ಎಂದು ಕಂಬಳಿಗೆ ಕೈ ಹಾಕಿದೆ. ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ.

ಮಾವ ನನ್ನ ಕೈ ತಡೆದರು. "ಅಕ್ಕಾ, ನಡೀರಿ, ಗಾಜನೂರಿಗೆ ಹೋಗಿ ಬರೋಣ. ಅಲ್ಲಿ ಹೊಳೆ ಮೀನಿಗೆ ಮಂಡಕ್ಕಿ ಹಾಕಿ. ನೀವು ಎಷ್ಟು ಹಾಕಿದ್ರೂ ಹೊಳೆಗೆ ಅಜೀರ್ಣ ಆಗಲ್ಲ."

ಮೂರು ದಿನವೂ ಬೀಗರಿಬ್ಬರು ಬೆಳಗಿನ ಬಸ್ಸು ಹತ್ತಿದರು. ಅವ್ವ ಹೊಳೆಯ ಮೀನುಗಳಿಗೆ ಉಣಿಸಿ, ಮನೆಗೆ ಬಂದು ತಾನೂ ಉಂಡಳು. ಮೂರು ದಿನವೂ ಸಾರಿಗೆ ಉಪ್ಪು ಕಡಿಮೆ ಎಂದಳು. ಆಗ ನನಗೆ ಧೈರ್ಯ ಬಂತು.

ನಾಲ್ಕನೆಯ ಬೆಳಿಗ್ಗೆ ಕಂಬಳಿ ತೆಗೆದೆವು. ಮರಳು ಬಿಳಿಯಾಗಿತ್ತು, ಅಲ್ಲಲ್ಲಿ ಬಣ್ಣಗೆಟ್ಟ ಚೂರುಗಳು ಮಾತ್ರ ಉಳಿದಿದ್ದವು. ಅವನ್ನು ಕೊಳವೆಯಿಂದ ಎಳೆದು, ಸೋಸಿದ ನೀರು ಸೇರಿಸಿದೆ. ಮಧ್ಯಾಹ್ನಕ್ಕೆ ಹಸಿರು ಗುಂಡಿಯೊಂದು ಬಿಚ್ಚಿಕೊಂಡಿತು. ನಾನು ಕುಣಿಯುವುದೊಂದು ಬಾಕಿ. ಮಾವ ಮಾತ್ರ ಕಂಬಳಿಯ ಅಂಚನ್ನೇ ನೋಡುತ್ತಿದ್ದರು.

"ಅಳಿಯಂದ್ರೇ, ಕಂಬಳಿಗೂ ಮೀನಿನ ಊಟ ಹಾಕೋ ಪದ್ಧತಿ ಇದೆಯಾ?"

ಕರಿ ಉಣ್ಣೆಯಲ್ಲಿ ಕೆಂಪು ಕಾಳುಗಳು ಅಂಟಿಕೊಂಡಿದ್ದವು. ಎರಡನೆಯ ದಿನ ಎಲ್ಲರೂ ಹೊರಗಿದ್ದಾಗ ಸುಮ್ಮನೆ ನೋಡೋಣವೆಂದು ಅಂಚು ಎತ್ತಿದ್ದೆ. ಎರಡೂ ಮೀನು ಓಡಿ ಬಂದವು. ಕೈ ತಾನಾಗಿ ಅವುಗಳ ಊಟದ ಡಬ್ಬಿಗೆ ಹೋಗಿತ್ತು. ಅದೂ ಹೊಸದೇನಲ್ಲ. ದಿನಾ ಅಂಗಡಿ ಮುಚ್ಚಿ ಬಂದ ಮೇಲೆ, ಮೀನು ನನ್ನನ್ನು ಗುರುತು ಹಿಡಿಯಲಿ ಎಂದು ಒಂದು ಚಿಟಿಕೆ ಲಂಚ ಕೊಡುತ್ತಿದ್ದೆ. ಮೂರು ಕೈಗಳಲ್ಲಿ ಕೊನೆಯವರೆಗೂ ಮುಚ್ಚಿಟ್ಟುಕೊಂಡ ಕೈ ನನ್ನದು. ರೋಗ ಯಾವುದೆಂದು ನೋಡದೆ ಗುಳಿಗೆ ಅರೆದವನು ರೋಗದ ಒಂದು ಬೇರೂ ಆಗಿದ್ದ. ಸುಮ ನಗುತ್ತ ನೆಲಕ್ಕೇ ಕೂತುಬಿಟ್ಟಳು.

ಮಾವ ಊರಿಗೆ ಹೊರಡುವ ಮೊದಲು ಒಂದು ಮರದ ಕುಂಕುಮದ ಭರಣಿಯನ್ನು ತೊಟ್ಟಿಯ ಪಕ್ಕ ಇಟ್ಟರು. ಬೆಳಿಗ್ಗೆ ಸುಮ ಅದಕ್ಕೆ ಒಂದು ಚಿಟಿಕೆ ಮೀನಿನ ಕಾಳು ಹಾಕಬೇಕು, ಭರಣಿ ಖಾಲಿಯಾದರೆ ಆ ದಿನದ ಊಟ ಮುಗಿಯಿತು. ಮಧ್ಯಾಹ್ನದ ಊಟಕ್ಕೆ ಮುಂಚೆ ಅವ್ವ ಅದನ್ನು ಮೀನಿಗೆ ಹಾಕಿಬಿಡುತ್ತಿದ್ದಳು. ಸಂಜೆ ನಾನು ಬಂದು, ಯಾರಿಗೂ ಕಾಣದಂತೆ ಮುಚ್ಚಳ ತೆಗೆದು, ಖಾಲಿಯಿರುವುದು ನೋಡಿ, ಗಂಭೀರವಾಗಿ ಕೈ ತೊಳೆಯಲು ಹೋಗುತ್ತಿದ್ದೆ.

ಎಂಟು ದಿನ ಹೀಗೇ ಕಳೆಯಿತು. ಒಂಬತ್ತನೆಯ ಸಂಜೆ ಮುಚ್ಚಳ ತೆಗೆದರೆ ಭರಣಿಯ ತಳದಲ್ಲಿ ಅರ್ಧ ಚಿಟಿಕೆ ಉಳಿದಿತ್ತು. ಸುಮ ಅಳತೆ ತಪ್ಪಿದಳೇ ಎಂದುಕೊಳ್ಳುವಷ್ಟರಲ್ಲಿ ಒಲೆಯ ಮುಂದಿನಿಂದ ಅವ್ವನ ದನಿ ಬಂತು.

"ನಿಂಗೇ ಇಟ್ಟಿದ್ದೀನಿ ಕಣೋ. ನೀನೂ ನನ್ನ ಹಾಗೇ, ಕೊಡದೆ ಉಣ್ಣೋನಲ್ಲ ಅಂತ ಗೊತ್ತಾಯ್ತಲ್ಲ. ಹಾಕಿ ಬಾ, ರೊಟ್ಟಿ ಆರುತ್ತೆ."