ಅರ್ಧ ಥೆರೆಮಿನ್ ನುಡಿದ ಮಂದ್ರ ಷಡ್ಜ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು ನಾನು. ಪವಾಡ ಎಂದವರ ಮುಂದೆ ಮಲ್ಟಿಮೀಟರ್ ಹಿಡಿಯುವ ಜಾಯಮಾನ ನನ್ನದು.

ಅಪ್ಪನದು ತ್ರಿಪ್ಲಿಕೇನಿನಲ್ಲಿ ಸಣ್ಣ ಮೆಸ್. ಕಾವಲಿಯ ಮುಂದೆ ನಿಂತು ದೋಸೆ ಹೊಯ್ಯುತ್ತಲೇ ದೇವರನಾಮ ಹಾಡುತ್ತಿದ್ದರು. ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದ ಮೇಲೆ ಸ್ಲೇಟಿನಲ್ಲಿ ಬರೆದು ಮಾತಾಡತೊಡಗಿದರು, ಶನಿವಾರದ ಭಜನೆಗೆ ಹೋಗುವುದನ್ನೂ ಬಿಟ್ಟರು. ಅವರನ್ನು ಮತ್ತೆ ಅಲ್ಲಿ ಕೂರಿಸಬೇಕೆಂದೇ ನಾನು ಥೆರೆಮಿನ್ ಕಟ್ಟಲು ಹೊರಟದ್ದು. ಅದು ಮುಟ್ಟದೆ ನುಡಿಸುವ ವಾದ್ಯ. ಒಳಗೆ ಎರಡು ಆಸಿಲೇಟರ್‌ಗಳು ಕಿವಿಗೆ ನಿಲುಕದ ವೇಗದಲ್ಲಿ ಮಿಡಿಯುತ್ತವೆ. ಅವುಗಳ ನಡುವಿನ ವ್ಯತ್ಯಾಸವೇ ನಮಗೆ ಸ್ವರವಾಗಿ ಕೇಳುತ್ತದೆ. ಆಂಟೆನಾದ ಬಳಿ ಕೈ ಆಡಿಸಿದಂತೆ ಸ್ವರ ಏರಿಳಿಯುತ್ತದೆ.

ನನ್ನದರಲ್ಲಿ ಮೇಲಿನ ಸ್ವರಗಳು ಬಂದವು, ಮಂದ್ರ ಮಾತ್ರ ಬರಲೊಲ್ಲದು. ಮಂದ್ರಕ್ಕೆ ಆ ವ್ಯತ್ಯಾಸ ತೀರ ಚಿಕ್ಕದಿರಬೇಕು, ಆದರೆ ಎರಡೂ ಆಸಿಲೇಟರ್‌ಗಳ ವೇಗ ಸಮೀಪಿಸಿದೊಡನೆ ಒಂದನ್ನೊಂದು ಎಳೆದುಕೊಂಡು ಒಂದೇ ಆಗಿಬಿಡುತ್ತಿದ್ದವು. ವ್ಯತ್ಯಾಸವಿಲ್ಲ, ಸದ್ದೂ ಇಲ್ಲ. ಅಪ್ಪ ಹಾಡುತ್ತಿದ್ದದ್ದೇ ಮಂದ್ರದಲ್ಲಿ. ಅದಿಲ್ಲದಿದ್ದರೆ ಬೇಡ ಎಂದು ಬರೆದು ಮುಖ ತಿರುಗಿಸಿದರು. ನನಗೆ ಅಳುವೇ ಬಂತು. ಕೊನೆಗೆ ಊಟ ಕಳಿಸುವ ಹಳೆಯ ಅಲ್ಯುಮಿನಿಯಂ ಕ್ಯಾರಿಯರ್ ತಂದು, ಒಂದೊಂದು ಆಸಿಲೇಟರನ್ನು ಒಂದೊಂದು ಡಬ್ಬಿಯಲ್ಲಿ ಮುಚ್ಚಿ, ಒಂದರ ಎಳೆತ ಇನ್ನೊಂದಕ್ಕೆ ತಾಗದಂತೆ ದೂರ ದೂರ ಇಟ್ಟೆ.

ಮಧ್ಯಾಹ್ನದ ಊಟ ಮುಗಿದು ಮೆಸ್ ಖಾಲಿಯಾಗಿತ್ತು. ತೊಳೆದ ನೆಲ ಆರುತ್ತಿತ್ತು, ಫ್ಯಾನು ನಿಧಾನವಾಗಿ ತಿರುಗುತ್ತಿತ್ತು, ಬಿಸಿಲು ಮೇಜುಗಳ ಮೇಲೆ ಮಲಗಿತ್ತು. ಒಂದು ಬೆಸುಗೆ ಬಿಟ್ಟಿತ್ತೆಂದು ಎರಡನೆಯ ಡಬ್ಬಿಯನ್ನು ಪೂರ್ತಿ ಬಿಡಿಸಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಅಪ್ಪ ಅದನ್ನು ಗಮನಿಸಲಿಲ್ಲವೆಂದೇ ಅಂದುಕೊಂಡೆ. ಬಂದವರೇ ಆಂಟೆನಾದ ಮುಂದೆ ನಿಂತು, ಕಣ್ಣು ಮುಚ್ಚಿ ಕೈ ಎತ್ತಿದರು.

ಮಂದ್ರ ಷಡ್ಜ ಕೇಳಿತು. ಸ್ವಲ್ಪವೂ ನಡುಗದೆ ತುಂಬಿಕೊಂಡು ನಿಂತು, ಅವರ ಕೈಯ ಜೊತೆಗೇ ದೇವರನಾಮದ ಅರ್ಧ ಸಾಲಿನಷ್ಟು ಸಾಗಿತು. ಒಂದೇ ಆಸಿಲೇಟರಿನಿಂದ ಸ್ವರ ಹುಟ್ಟುವುದು ಸಾಧ್ಯವೇ ಇಲ್ಲ. ಇನ್ನೊಂದು ನನ್ನ ಮಡಿಲಲ್ಲಿ ತಣ್ಣಗೆ ಕೂತಿತ್ತು.

ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಅಡುಗೆ ಮಾಡುವ ಸುಧಾಕರ ಸೌಟು ಹಿಡಿದೇ ಒಳಗಿನಿಂದ ಓಡಿಬಂದ. “ಎಂತ ಅಕ್ಕ, ಭಟ್ರು ಹಾಡಿದ್ದಾ ಈಗ?” ಎಂದ, ಅಪ್ಪನ ಕಡೆ ನೋಡುತ್ತ.

ಪಕ್ಕದ ಲಾಡ್ಜಿನ ಯಾವುದೋ ಯಂತ್ರದ ಅಲೆ ಬೆರೆತಿರಬೇಕೆಂದು ವಾರಗಟ್ಟಲೆ ಹುಡುಕಿದೆ. ಏನೂ ಸಿಗಲಿಲ್ಲ. ವಾದ್ಯ ಈಗ ಸರಿಯಾಗಿದೆ, ಮಂದ್ರವೂ ಬರುತ್ತದೆ, ಅಪ್ಪ ಭಜನೆಗೂ ಹೋಗುತ್ತಾರೆ. ಆ ದನಿ ಮಾತ್ರ ಮತ್ತೆ ಬಂದಿಲ್ಲ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಆವತ್ತು ವಾದ್ಯ ಅರ್ಧವೇ ಇತ್ತು ಅಪ್ಪ ಎಂದು ಒಮ್ಮೆ ತಡೆಯಲಾರದೆ ಹೇಳಿಬಿಟ್ಟೆ. ಅವರು ಸ್ಲೇಟು ಎಳೆದುಕೊಂಡು ಬರೆದರು: “ಗೊತ್ತುಂಟು. ಅದಕ್ಕೇ ನಾನು ಹಾಡಿದ್ದು.”